ನಾಲ್ಕು ಬೆರಳು ಗಾಳಿ

ನಮ್ಮ ಸೈಟು 30×40. ಪ್ಯಾಲೆಟ್ಟು 40×48. ಅದು ಅಡಿ, ಇದು ಇಂಚು ಅನ್ನುವುದೊಂದೇ ಸಮಾಧಾನ. ಇಂಚಾದರೇನು, ನಾಗರಭಾವಿಯ ನಮ್ಮ ಮನೆಯ ಮೆಟ್ಟಿಲು ತಿರುಗುವ ಕಡೆ ಅದು ಅಡ್ಡ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಕೂತುಬಿಟ್ಟಿತು. ಮಹಡಿ ಮನೆಯ ಬಾಡಿಗೆ ಹುಡುಗ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಪಟ್ಟಿಗಳ ಸಂದಿಯಿಂದ ನನ್ನನ್ನೇ ನೋಡುತ್ತಾ ನಿಂತಿದ್ದ. ಜೈಲಿನಲ್ಲಿರುವ ನೆಂಟನನ್ನು ನೋಡಲು ಬಂದವರ ಹಾಗೆ.

“ಏನ್ ಅಂಕಲ್ ಇದು?”

“ಬೆಂಚು.”

ಇನ್ನೂ ಆಗಿರಲಿಲ್ಲ. ನನ್ನ ಕಣ್ಣಿಗೆ ಮಾತ್ರ ಆಗಿಹೋಗಿತ್ತು.

ಪ್ಯಾಲೆಟ್ಟು ನೀವೂ ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೇ. ಕಾರ್ಖಾನೆಯಿಂದ ಮಾಲು ಬರುವಾಗ ಅದರ ಅಡಿಗೆ ಇರುವ ಮರದ ಚೌಕಟ್ಟು. ಮೇಲೊಂದು ಸಾಲು ಪಟ್ಟಿ, ಕೆಳಗೊಂದು ಸಾಲು ಪಟ್ಟಿ, ನಡುವೆ ಫೋರ್ಕ್‌ಲಿಫ್ಟಿನ ಎರಡು ಕೊಂಬು ತೂರುವಷ್ಟು ಜಾಗ. ಅಷ್ಟೇ ಅದರ ವಿದ್ಯೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಸಾಮಾನು ಹೊತ್ತು ಹೊತ್ತೇ ಇದು ಲೋಕವೆಲ್ಲ ಹರಡಿದ್ದು. ಈಗ ಟೈಲ್ಸು, ಮೋಟರು, ಔಷಧಿ, ಫ್ರಿಜ್ಜು, ಏನೇ ಬರಲಿ ಇದರ ಬೆನ್ನ ಮೇಲೆ ಬರುತ್ತದೆ. ಆಮೇಲೆ ಮಾಲು ಒಳಗೆ ಹೋಗುತ್ತದೆ, ಬಿಲ್ಲು ಫೈಲಿಗೆ ಹೋಗುತ್ತದೆ, ಇದು ಹೊರಗೆ ಗೋಡೆಗೆ ಒರಗಿಕೊಳ್ಳುತ್ತದೆ.

ಹಾಗೆ ಒರಗಿದ್ದನ್ನು ಮೊದಲು ನೋಡಿದ್ದು ನಮ್ಮ ಬೀದಿಯಲ್ಲೇ. ಒಂದು ಹೊಸ ಮನೆ ಏಳುತ್ತಿತ್ತು. ಟೈಲ್ಸು ಇಳಿದ ದಿನ ಎರಡು ಪ್ಯಾಲೆಟ್ಟು ಎಂ-ಸ್ಯಾಂಡ್ ಗುಡ್ಡೆಯ ಪಕ್ಕ ಇದ್ದವು. ತಕ್ಷಣ ಕೇಳಿದರೆ ಚೆನ್ನಾಗಿರಲ್ಲ ಅಂತ ಎರಡು ದಿನ ಬಿಟ್ಟು ಹೋದೆ. ಇರಲಿಲ್ಲ. ವಾಚ್‌ಮನ್ ಮನೆಯಾಕೆ ಶೆಡ್ಡಿನ ಮುಂದೆ ಮೂರು ಸಿಮೆಂಟ್ ಇಟ್ಟಿಗೆಯ ಒಲೆ ಹೂಡಿ ನೀರು ಕಾಯಿಸುತ್ತಿದ್ದರು. ನನಗೆ ಬೇಕಿದ್ದ ಪಟ್ಟಿ ಅರ್ಧ ಒಲೆಯೊಳಗೆ, ಅರ್ಧ ಹೊರಗೆ.

“ಸಾರ್‌ಗೆ ಸೌದೆ ಬೇಕಿತ್ತಾ?”

“ಇಲ್ಲಮ್ಮ, ಹೂವಿನ ಕುಂಡ ಇಡೋಕೆ ಸ್ಟ್ಯಾಂಡ್ ಮಾಡೋಣ ಅಂತ...”

ಡಿಸೆಂಬರಿನ ಬೆಳಗ್ಗೆ ಏಳು ಗಂಟೆ. ಎರಡು ಮಕ್ಕಳು ಟವೆಲು ಸುತ್ತಿಕೊಂಡು ನಡುಗುತ್ತಾ ನೀರು ಕಾಯುವುದನ್ನೇ ನೋಡುತ್ತಿದ್ದವು. ನನ್ನ ಮಾತು ನನಗೇ ಒಂಥರಾ ಕೇಳಿಸಿತು. ಆಕೆ ಮಾತ್ರ ಬೇಜಾರು ಮಾಡಿಕೊಳ್ಳದೆ ಹಿಂದಿನ ದಿನದ ಬೂದಿ ಕೆದಕಿ ಮೊಳೆಗಳನ್ನು ಆರಿಸಿ ಪೇಂಟಿನ ಡಬ್ಬಿಗೆ ಹಾಕುತ್ತಿದ್ದರು. ಗುಜರಿಗೆ ಕೊಡೋಕಂತೆ. ಪ್ಯಾಲೆಟ್ಟಿನಿಂದ ಮೊಳೆ ಬಿಡಿಸುವ ಸುಲಭದ ದಾರಿ ಅದೊಂದೇ ಅಂತ ನನಗೆ ಆವತ್ತು ಗೊತ್ತಾಗಲಿಲ್ಲ.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅಂತ ಹೊರಟವನು ಕೊನೆಗೆ ದುಡ್ಡು ಕೊಟ್ಟೇ ತರುವ ಹಾಗಾಯಿತು. ಸುಮನಹಳ್ಳಿ, ಲಗ್ಗೆರೆ ದಾಟಿ ರಿಂಗ್ ರೋಡಿನಲ್ಲಿ ಪೀಣ್ಯಕ್ಕೆ ಹೋದೆ. ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಗುಜರಿಯವನೊಬ್ಬ ಪ್ಯಾಲೆಟ್ಟುಗಳನ್ನು ಎರಡಾಳೆತ್ತರ ಪೇರಿಸಿದ್ದ. ಒಂದಕ್ಕೆ 200 ರೂಪಾಯಿ. “ಎಲ್ಲಾ ಒಂದೇ ಸಾರ್, ಯಾವುದಾದ್ರೂ ತಗೊಳ್ಳಿ” ಅಂದ. ಎಲ್ಲಾ ಒಂದೇ ಅಲ್ಲ ಅಂತ ಅಷ್ಟೊತ್ತಿಗೆ ನಾನು ಓದಿಕೊಂಡಿದ್ದೆ. ಮುದ್ರೆ ಹುಡುಕತೊಡಗಿದೆ.

ಈ ಮುದ್ರೆಯ ಹಿಂದೆ ಒಂದು ಹುಳದ ಕಥೆ ಇದೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೇಪಲ್ ಮರಗಳ ಕಾಂಡದಲ್ಲಿ ದುಂಡನೆಯ ತೂತುಗಳು ಕಂಡವು. ನೋಡಿದರೆ ಉದ್ದ ಮೀಸೆಯ, ಕಪ್ಪು ಮೈಮೇಲೆ ಬಿಳಿ ಚುಕ್ಕಿಯ ಒಂದು ದುಂಬಿ. ಚೀನಾದಿಂದ ಬಂದ ಸಾಮಾನಿನ ಪ್ಯಾಕಿಂಗ್ ಮರದೊಳಗೆ ಕೂತು, ಟಿಕೆಟ್ಟಿಲ್ಲದೆ ಸಮುದ್ರ ದಾಟಿರಬೇಕು ಅಂತ ತಿಳಿದವರು ಹೇಳಿದರು. ಅದನ್ನು ತಡೆಯಲು ಸಾವಿರಾರು ಮರ ಕಡಿಯಬೇಕಾಯಿತು. ಇಂಥದ್ದೆಲ್ಲ ಆದ ಮೇಲೆ 2002ರಲ್ಲಿ ದೇಶಗಳು ಸೇರಿ ಐಎಸ್‌ಪಿಎಂ 15 ಅನ್ನುವ ನಿಯಮ ಮಾಡಿಕೊಂಡವು. ದೇಶ ದಾಟುವ ಪ್ಯಾಕಿಂಗ್ ಮರದ ಹುಳ ಸಾಯಿಸಿ ಮುದ್ರೆ ಒತ್ತಬೇಕು. ಮುದ್ರೆಯಲ್ಲಿ ಒಂದು ಗೋಧಿ ತೆನೆಯ ಚಿತ್ರ, ದೇಶದ ಹೆಸರಿನ ಎರಡು ಅಕ್ಷರ, ಪಕ್ಕದಲ್ಲಿ ಎಚ್‌ಟಿ ಅಂತಲೋ ಎಂಬಿ ಅಂತಲೋ ಇರುತ್ತದೆ. ಎಚ್‌ಟಿ ಅಂದರೆ ಕಾಯಿಸಿದ್ದು. ಮರದ ನಡುಭಾಗವೂ 56 ಡಿಗ್ರಿಗೆ ಬಂದು 30 ನಿಮಿಷ ಹಾಗೇ ಇರಬೇಕು. (ದೀಪಾವಳಿಯ ಎಣ್ಣೆಸ್ನಾನಕ್ಕೆ ನಮ್ಮಜ್ಜಿ ಹುಯ್ಯುತ್ತಿದ್ದ ನೀರೂ ಹೆಚ್ಚುಕಡಿಮೆ ಅಷ್ಟೇ ಇತ್ತು ಅಂತ ನನ್ನ ಗುಮಾನಿ. ನಮ್ಮ ಮೈಮೇಲೂ ಒಂದು ಮುದ್ರೆ ಒತ್ತಬಹುದಿತ್ತು.) ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು. ಓಜೋನ್ ಪದರಕ್ಕೂ ಅದು ಕೇಡು. ಅಂಥದ್ದನ್ನು ಮನೆಗೆ ತರಬಾರದು, ಒಲೆಗಂತೂ ಹಾಕಲೇಬಾರದು.

ತಮಾಷೆ ಅಂದರೆ ಗುಡ್ಡೆಯಲ್ಲಿ ಮುಕ್ಕಾಲು ಪಾಲಿಗೆ ಮುದ್ರೆಯೇ ಇಲ್ಲ. ನಮ್ಮ ದೇಶದೊಳಗೇ ಓಡಾಡುವ ಪ್ಯಾಲೆಟ್ಟಿಗೆ ಅದು ಬೇಕಾಗಿಲ್ಲ. ಎಣ್ಣೆ ಜಿಡ್ಡು, ಏನೋ ಚೆಲ್ಲಿದ ಕಲೆ ಇದ್ದದ್ದನ್ನೆಲ್ಲ ಬಿಟ್ಟೆ. ಎಚ್‌ಟಿ ಇದ್ದದ್ದು ಎರಡು, ಮುದ್ರೆ ಇಲ್ಲದ ಆದರೆ ಮೈ ಚೊಕ್ಕವಾಗಿದ್ದ ಎರಡು ಆರಿಸಿದೆ. ಮರಕ್ಕೆ 800 ಆಯಿತು, ಲಗೇಜ್ ಆಟೋಗೆ 900. “ಏನ್ ಸಾರ್, ಸೌದೆಗೆ ಇಷ್ಟು ದೂರ ಬಂದ್ರಾ?” ಅಂತ ಆಟೋದವನೂ ಕೇಳಿದ. ಊರಿಗೆ ಊರೇ ಇದನ್ನು ಸೌದೆ ಅನ್ನುತ್ತಿದೆ, ನಾನೊಬ್ಬ ಬೆಂಚು ಅನ್ನುತ್ತಿದ್ದೇನೆ.

ನಮ್ಮ ಕಡೆ ಮರಗೆಲಸಕ್ಕೆ ಬರುವ ಆಚಾರ್ರು ಕುಂದಾಪುರದವರು. ಬಂದು ನೋಡಿ, “ಇದು ಮರ ಅಲ್ಲ, ಪ್ಯಾಕಿಂಗು” ಅಂದರು. ಅಂದವರು ಸುಮ್ಮನೆ ಹೋಗಲಿಲ್ಲ. ಒಂದು ಪಟ್ಟಿಯ ಮೇಲೆ ಉಪ್ಪುಕಾಗದ ನಾಲ್ಕು ಸಲ ಎಳೆದು ಮೂಗಿಗೆ ಹಿಡಿದರು. “ಪೈನು. ರಾಳದ ವಾಸನೆ ನೋಡಿ.” ಇನ್ನೊಂದನ್ನು ಎತ್ತಿ ಭಾರ ನೋಡಿ, “ನೀಲಗಿರಿ. ಮೊಳೆ ಹೊಡೆದರೆ ಸೀಳತ್ತೆ” ಅಂದರು. ಮೂರನೆಯದನ್ನು ಉಜ್ಜಿದಾಗ ಬೂದಿ ಬಣ್ಣದ ಕೊಳೆಯ ಕೆಳಗಿಂದ ತಿಳಿ ಗುಲಾಬಿ ಬಣ್ಣ ಎದ್ದಿತು. ಅದರ ತುಂಬ ಸಣ್ಣ ಸಣ್ಣ ಹೊಳೆಯುವ ಚುಕ್ಕಿ, ಮೀನಿನ ಹುರುಪೆಯ ಹಾಗೆ. “ಸಿಲ್ವರ್ ಓಕು” ಅಂದರು ಆಚಾರ್ರು, ಈ ಸಲ ದನಿ ಸ್ವಲ್ಪ ಇಳಿಸಿ.

ಸಿಲ್ವರ್ ಓಕ್ ಅಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನೆರಳಿನ ಮರ. ಹುಟ್ಟೂರು ಆಸ್ಟ್ರೇಲಿಯ. ನಮ್ಮಲ್ಲಿ ಕಾಫಿಗೆ ನೆರಳು ಕೊಟ್ಟು, ಮೈಮೇಲೆ ಮೆಣಸಿನ ಬಳ್ಳಿ ಹತ್ತಿಸಿಕೊಂಡು ಬಾಳಿದ್ದು. ಕಡಿದ ಮೇಲೆ ಪ್ಲೈವುಡ್ಡಿಗೆ, ಪ್ಯಾಕಿಂಗಿಗೆ ಹೋಗುತ್ತದೆ. ಬಳ್ಳಿ ಹೊತ್ತ ಮರ ಪೀಣ್ಯದಲ್ಲಿ ಮೋಟರು ಹೊತ್ತು, ಈಗ ನನ್ನ ಕೈಗೆ ಸಿಕ್ಕಿತ್ತು. ಹೊರುವುದು ಅದರ ಹಣೆಯಲ್ಲೇ ಬರೆದಿತ್ತೋ ಏನೋ.

ಇನ್ನು ಬಿಚ್ಚುವ ಕೆಲಸ. ಯೂರೋಪಿನ ಪ್ಯಾಲೆಟ್ಟಿಗೆ ಒಂದು ಲೆಕ್ಕ ಇದೆ: 11 ಪಟ್ಟಿ, 9 ಮರದ ತುಂಡು, 78 ಮೊಳೆ. ಪೀಣ್ಯದ್ದಕ್ಕೆ ಲೆಕ್ಕ ಗಿಕ್ಕ ಇಲ್ಲ. ಸಡಿಲವಾದಾಗಲೆಲ್ಲ ಯಾರೋ ಇನ್ನೆರಡು ಹೊಡೆದಿರುತ್ತಾರೆ. ಒಂದು ಮೂಲೆಯಲ್ಲೇ ನಾನು ಒಂಬತ್ತು ಎಣಿಸಿದೆ. ಅದೂ ನಯವಾದ ಮೊಳೆಯಲ್ಲ, ಮೈತುಂಬ ಬಳೆ ಬಳೆಯಂಥ ಗೆರೆ ಇರುವ ಜಾತಿ. ಒಳಗೆ ಹೋಗುವಾಗ ಸಲೀಸು, ಹೊರಗೆ ಬರುವಾಗ ಪ್ರತಿ ಗೆರೆಯೂ ಮರದ ನಾರನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಾಡುವ ಲಾರಿಯಲ್ಲಿ ಸಾವಿರ ಮೈಲಿ ಹೋದರೂ ಬಿಡಬಾರದು ಅಂತಲೇ ಹೊಡೆದದ್ದು. ನಾನು ಭಾನುವಾರ ಬನಿಯನ್ ಹಾಕಿಕೊಂಡು ಬಂದು ಎಳೆದ ಮಾತ್ರಕ್ಕೆ ಯಾಕೆ ಬಿಡುತ್ತದೆ?

ಮೊದಲನೇ ಭಾನುವಾರ ಸುತ್ತಿಗೆಯ ಕೊಕ್ಕು ಹಾಕಿ ಮೀಟಿದೆ. ಕಿರ್‍ರ್ ಅಂದಿತು, ಬಂತು ಅಂದುಕೊಂಡೆ. ಬಂದದ್ದು ಅರ್ಧ ಪಟ್ಟಿ. ಮಿಕ್ಕರ್ಧ ಮೊಳೆಯ ಜೊತೆಗೇ ಉಳಿಯಿತು. ಎರಡನೇ ಭಾನುವಾರ ಪಕ್ಕದ ಮನೆಯಿಂದ ಹಾರೆ ತಂದೆ. ನಾಲ್ಕು ಪಟ್ಟಿ ಸೀಳಿದ ಮೇಲೆ ಒಂದು ಸಿಬಿರು ಉಗುರಿನ ಸಂದಿಗೆ ಹೋಯಿತು. ಮಗಳು ಪಿನ್ನು ಹಿಡಿದು ಕೂತು, “ಅಪ್ಪಾ, ಆನ್‌ಲೈನಲ್ಲಿ ಸ್ಟ್ಯಾಂಡು ಬರತ್ತೆ ಗೊತ್ತಾ?” ಅಂದಳು. ಮೂರನೇ ಭಾನುವಾರ ಆಚಾರ್ರಿಗೇ ನೋಡಲಾಗಲಿಲ್ಲ. ಪಟ್ಟಿಗೂ ಅಡಿಯ ಮರಕ್ಕೂ ನಡುವೆ ಚೂರು ಸಂದಿ ಮಾಡಿ, ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ತೂರಿಸಿ, ಮೊಳೆಯನ್ನು ಅಲ್ಲೇ ಕೊಯ್ದರು. “ಕೀಳೋದಲ್ಲ ಸಾರ್, ಕೊಯ್ಯೋದು.” ಮೊಳೆಯ ತಲೆ ಪಟ್ಟಿಯಲ್ಲೇ ಉಳಿಯುತ್ತದೆ, ಸುತ್ತ ತುಕ್ಕು ಇಳಿದು ಕಪ್ಪು ಬೊಟ್ಟು. ಮುಖದ ತುಂಬ ಸಿಡುಬಿನ ಕಲೆ ಇದ್ದ ಹಾಗೆ ಕಾಣುತ್ತದೆ ಅಂತ ನನ್ನ ಹೆಂಡತಿ, ಅದೇ ಅದರ ಚೆಂದ ಅಂತ ನಾನು.

ಬೆಂಚು ಆಯಿತು. ಟೆರೇಸಿನ ಮೇಲಿಟ್ಟರೆ ಕುಂಟುತ್ತಿತ್ತು. ಒಂದು ಕಾಲು ಕೊಯ್ದೆ, ಆ ಕಡೆ ಕುಂಟಿತು. ಇನ್ನೊಂದು ಕೊಯ್ದೆ. ಮೂರನೆಯದಕ್ಕೆ ಗರಗಸ ಇಟ್ಟಾಗ ಹೊಳೆಯಿತು, ಮಳೆ ನೀರು ಹರಿದುಹೋಗಲಿ ಅಂತ ಟೆರೇಸಿಗೇ ಇಳಿಜಾರು ಕೊಟ್ಟಿರುತ್ತಾರಲ್ಲ! ಅಷ್ಟರಲ್ಲಿ ಬೆಂಚು ಮಣೆಗಿಂತ ಒಂದು ಗೇಣು ಎತ್ತರ ಉಳಿದಿತ್ತು. ಕುಂಡದ ಸ್ಟ್ಯಾಂಡಿನದು ಬೇರೆ ಕಥೆ. ಅದನ್ನು ಕಾಂಪೌಂಡಿನ ಪಕ್ಕ ಮಣ್ಣಿನ ಮೇಲೇ ನಿಲ್ಲಿಸಿದ್ದೆ. “ಕಾಲಿಗೆ ಗೇರೆಣ್ಣೆ ಹೊಡೀರಿ, ನಮ್ಮೂರಲ್ಲಿ ದೋಣಿಗೇ ಹೊಡೀತಾರೆ” ಅಂತ ಆಚಾರ್ರು ಹೇಳಿದ್ದರು. ಅದು ಕೈಗೆ ತಾಗಿದರೆ ಸುಡುತ್ತದೆ, ವಾಸನೆ ಬೇರೆ. ಆಮೇಲೆ ನೋಡೋಣ ಅಂದೆ. ಮರುವರ್ಷ ಮೇ ತಿಂಗಳ ಮೊದಲ ಜೋರು ಮಳೆಯಾದ ಸಂಜೆ ಲೈಟಿನ ಸುತ್ತ ಈಸಲು ಹುಳ ಮುತ್ತಿದವು. ಎಲ್ಲಿಂದ ಅಂತ ನೋಡಿದರೆ ಸ್ಟ್ಯಾಂಡಿನ ಬುಡದಿಂದ. ಬೆರಳಿಂದ ಒತ್ತಿದೆ, ರಸ್ಕಿನ ಹಾಗೆ ಒಳಗೆ ಹೋಯಿತು. ಗೆದ್ದಲು ಒಳಗೆಲ್ಲ ತಿಂದು, ಹೊರಗಿನ ತೊಗಟೆಯಷ್ಟನ್ನು ಮರ್ಯಾದೆಗೆ ಬಿಟ್ಟಿತ್ತು.

ಮೂರು ಪ್ಯಾಲೆಟ್ಟು ಹೀಗೆ ಮುಗಿದವು. ನಾಲ್ಕನೆಯದನ್ನು ಬಿಚ್ಚಲು ತಾಕತ್ತು ಉಳಿದಿರಲಿಲ್ಲ. ಪೋರ್ಟಿಕೋದಲ್ಲಿ ಸ್ಕೂಟರಿನ ಹಿಂದೆ ಮಲಗಿಸಿಬಿಟ್ಟಿದ್ದೆ.

ಅದೇ ವಾರ ಅಮ್ಮ ಊರಿಂದ ಬಂದರು, ಜೊತೆಗೆ ಒಂದು ಮೂಟೆ ರಾಗಿ, ಅರ್ಧ ಮೂಟೆ ತೆಂಗಿನಕಾಯಿ. ಒಳಗೆ ಜಾಗ ಇಲ್ಲ ಅಂತ ಮಾತಾಡುತ್ತಿರುವಾಗಲೇ ಅವರು ಆಟೋದವನ ಕೈಲಿ ರಾಗಿ ಮೂಟೆಯನ್ನು ನೇರ ಪ್ಯಾಲೆಟ್ಟಿನ ಮೇಲೆ ಇಳಿಸಿಸಿದ್ದರು. ಇದು ಏನು, ಎತ್ತ ಅಂತ ಒಂದು ಮಾತೂ ಕೇಳಲಿಲ್ಲ. ಊರ ಮನೆಯಲ್ಲಿ ಮೂಟೆಯನ್ನು ಬರಿ ನೆಲಕ್ಕೆ ಇಟ್ಟದ್ದನ್ನು ನಾನು ಕಂಡಿಲ್ಲ. ನಾಲ್ಕು ಕಲ್ಲು, ಮೇಲೆರಡು ಹಲಗೆ, ಅದರ ಮೇಲೆ ಮೂಟೆ. ಕೆಳಗೆ ನಾಲ್ಕು ಬೆರಳು ಗಾಳಿ ಆಡಬೇಕು, ಇಲ್ಲಾಂದ್ರೆ ಥಂಡಿ ಹತ್ತಿ ಮುಗ್ಗಲು ಬರುತ್ತದೆ. ಸರ್ಕಾರದ ಗೋದಾಮಿನಲ್ಲೂ ಅಕ್ಕಿ ಮೂಟೆಯ ಅಡಿಗೆ ಮರದ ಚೌಕಟ್ಟು ಹಾಕುತ್ತಾರೆ. ನಾವಾದರೂ ಅಷ್ಟೇ ಅಲ್ವಾ? ಉಣ್ಣಲು ಕೂರಲಿಕ್ಕೆ ಒಂದು ಮಣೆ, ದೇವರಿಗೊಂದು ಮಣೆ, ಮದುವೆಗೆ ಹಸೆಮಣೆ. ಮರ್ಯಾದೆ ಇರುವ ಯಾವುದನ್ನೂ ನಾವು ಬರಿ ನೆಲದ ಮೇಲೆ ಕೂರಿಸಿದವರಲ್ಲ. ಇಷ್ಟು ದಿನ ನಾನು ಬಡಿದು ಸೀಳಿದ್ದು ಕಾರ್ಖಾನೆಯವರ ಮಣೆಯನ್ನು.

ಎರಡು ದಿನ ಬಿಟ್ಟು ರಾತ್ರಿ ಹತ್ತರ ಮೇಲೆ ಮಳೆ ಹಿಡಿಯಿತು. ಬೀದಿಯ ಮೋರಿ ಕಟ್ಟಿಕೊಂಡು ನೀರು ಗೇಟಿನ ಕೆಳಗಿಂದ ಪೋರ್ಟಿಕೋಗೆ ನುಗ್ಗಿತು. ಚಪ್ಪಲಿಗಳು ತೇಲಿದವು. ಹಳೇ ಪೇಪರಿನ ಕಟ್ಟು ಮುದ್ದೆಯಾಯಿತು. ಟಾರ್ಚು ಬಿಟ್ಟು ನೋಡಿದರೆ ಕಂದು ನೀರು ಪ್ಯಾಲೆಟ್ಟಿನ ಕೆಳಗಿನ ಪಟ್ಟಿ ಮುಚ್ಚಿ, ಫೋರ್ಕ್‌ಲಿಫ್ಟಿನ ಕೊಂಬು ತೂರುವ ಜಾಗದಲ್ಲಿ ಈ ಕಡೆಯಿಂದ ಆ ಕಡೆಗೆ ಹಾಯಾಗಿ ಹರಿಯುತ್ತಿತ್ತು. ಮೇಲೆ ರಾಗಿ ಮೂಟೆ ಒಣಗಿಕೊಂಡು ಕೂತಿತ್ತು. ಮೂಟೆಯ ಮೇಲೆ ಬೀದಿಯ ಬೆಕ್ಕು.

ಬೆಳಗ್ಗೆ ನೀರು ಇಳಿದ ಮೇಲೆ ಅಮ್ಮ ಕಾಫಿ ಲೋಟ ಹಿಡಿದು ಬಂದರು. ಬಗ್ಗಿ ಪಟ್ಟಿಯನ್ನೊಮ್ಮೆ ತಟ್ಟಿ ನೋಡಿದರು.

“ಇಂಥದ್ದು ಇನ್ನೊಂದು ಸಿಗತ್ತೇನೋ? ಊರಿಗೆ ತಗೊಂಡ್ ಹೋಗ್ತೀನಿ. ನೀನೇನೂ ಬಿಚ್ಚೋಕೆ ಹೋಗ್ಬೇಡ, ಹಾಗೇ ತಾ.”