ಎರಡು ಸಲ ಜೋಡಿಸುವ ಗಾಡಿ

ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ನನ್ನ ಮನೆಯ ಗ್ಯಾರೇಜಿನಲ್ಲಿ ಎರಡು ವರ್ಷಗಳಿಂದ ಒಂದು ಕಿಟ್ ಕಾರು, ಅಂದರೆ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸುವ ಕಾರು, ಸಿದ್ಧವಾಗುತ್ತಿದೆ. ಉಕ್ಕಿನ ಚೌಕ ಪೈಪುಗಳ ಚಾಸಿಯನ್ನೂ ಚಕ್ರವನ್ನು ಅದಕ್ಕೆ ಸೇರಿಸುವ ತೋಳುಗಳಾದ ವಿಶ್‌ಬೋನುಗಳನ್ನೂ ಕಿಟ್ ಮಾರುವವರಿಂದ ತರಿಸಿಕೊಂಡೆ; ಹಬ್, ಬ್ರೇಕು, ಸ್ಟೀರಿಂಗ್ ರ್ಯಾಕುಗಳನ್ನು ಒಂದು ಹಳೆಯ ಮಾಜ್ಡಾ ಎಂಎಕ್ಸ್-5 ಕಾರಿನಿಂದ ಬಿಚ್ಚಿಕೊಂಡೆ. ರೋಲಿಂಗ್ ಚಾಸಿ, ಅಂದರೆ ಎಂಜಿನ್ನೂ ಬಾಡಿಯೂ ಇಲ್ಲದ ಬರಿಯ ಚೌಕಟ್ಟು ತನ್ನ ನಾಲ್ಕು ಚಕ್ರಗಳ ಮೇಲೆ ನಿಂತು ಉರುಳುವ ಹಂತ, ಇನ್ನೇನು ಬಂತು ಎನ್ನುವಾಗ ಕೆಲಸ ನಿಂತಿತು. ಅದು ಮತ್ತೆ ಮುಂದೆ ಸಾಗಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿರುವ ನನ್ನ ಸೋದರಮಾವನ ಲೇಥ್ ಶೆಡ್ಡಿನಿಂದ. ಈ ರಜೆಯಲ್ಲಿ ಊರಿಗೆ ಬಂದು ಎರಡೂ ಕಡೆಯ ಕೆಲಸದ ರೀತಿಯನ್ನು ಬೆನ್ನುಬೆನ್ನಿಗೆ ಕಂಡ ಮೇಲೆ ಇದನ್ನು ಬರೆಯಬೇಕೆನಿಸಿತು.

ನಿಂತ ಕಾರಣ ಬಹಳ ಸಣ್ಣದು. ಚಾಸಿಯ ನಾಲ್ಕು ಮೂಲೆಗೂ ಮೇಲೊಂದು ಕೆಳಗೊಂದು ವಿಶ್‌ಬೋನ್, ಪ್ರತಿ ವಿಶ್‌ಬೋನಿಗೆ ಎರಡು ಪಾಲಿಯುರೆಥೇನ್ ಬುಶ್ (ಕೀಲಿನಲ್ಲಿ ಕೂರುವ, ಗಟ್ಟಿ ರಬ್ಬರಿನಂಥ ಬಳೆ), ಪ್ರತಿ ಬುಶ್ಶಿನೊಳಗೆ ಒಂದು ಉಕ್ಕಿನ ಸ್ಲೀವ್, ಅಂದರೆ ಬೋಲ್ಟು ತೂರುವ ಸಣ್ಣ ಕೊಳವೆ. ಹೀಗೆ ಒಟ್ಟು 16 ಸ್ಲೀವುಗಳು. ಬೋಲ್ಟ್ ಬಿಗಿಸಿದಾಗ ಚಾಸಿಯ ಬ್ರಾಕೆಟ್ಟು ಸ್ಲೀವಿನ ಎರಡು ತುದಿಗಳನ್ನು ಅದುಮಿ ಹಿಡಿಯಬೇಕು, ಬುಶ್ಶು ಆ ಸ್ಲೀವಿನ ಸುತ್ತ ಸಲೀಸಾಗಿ ತಿರುಗಬೇಕು. ಅದಕ್ಕಾಗಿಯೇ ಸ್ಲೀವು ಬುಶ್ಶಿಗಿಂತ ಕೂದಲೆಳೆಯಷ್ಟು ಉದ್ದವಿರುತ್ತದೆ. ನನಗೆ ಬಂದ ಸ್ಲೀವುಗಳು ಬುಶ್ಶಿಗಿಂತ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಗಿಡ್ಡವಿದ್ದವು. ಬೋಲ್ಟ್ ಬಿಗಿಸಿದೊಡನೆ ಬ್ರಾಕೆಟ್ಟು ಬುಶ್ಶನ್ನೇ ಹಿಸುಕಿ ಹಿಡಿಯುತ್ತಿತ್ತು. ವಿಶ್‌ಬೋನನ್ನು ಎತ್ತಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕಾಗಿತ್ತು. ನನ್ನದು ಬಿಟ್ಟಲ್ಲೇ ಗಾಳಿಯಲ್ಲಿ ನಿಂತಿತು.

ಈ ತಪ್ಪು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ ಕಿಟ್ ಕಾರು ಕಟ್ಟುವ ಅನೇಕರು ಪಾಲಿಸುವ ಒಂದು ಪದ್ಧತಿಯಿಂದ, ಗಾಡಿಯನ್ನು ಎರಡು ಸಲ ಜೋಡಿಸುವುದರಿಂದ. ಮೊದಲ ಸಲ ಬಣ್ಣವಿಲ್ಲದ ಚಾಸಿಗೆ ಸ್ಪ್ರಿಂಗನ್ನೂ ಹಾಕದೆ ಎಲ್ಲವನ್ನೂ ಕೂರಿಸಿ ನೋಡುತ್ತಾರೆ. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳತೆ ಹಿಡಿದು ಅದು ಸೊಟ್ಟಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಸಸ್ಪೆನ್ಷನ್ನನ್ನು ಕೈಯಿಂದಲೇ ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಆಡಿಸಿ, ಪ್ರತಿ ಎತ್ತರದಲ್ಲೂ ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ, ಬ್ರೇಕಿನ ರಬ್ಬರ್ ಪೈಪು ಟೈರಿಗೆ ಉಜ್ಜುತ್ತದೆಯೇ ಎಂದು ನೋಡುತ್ತಾರೆ. ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳ ಕ್ಲಿಪ್ಪಿಗೆ ಬೇಕಾದ ಒಂದೊಂದು ತೂತನ್ನೂ ಆಗಲೇ ಕೊರೆದು ಮುಗಿಸುತ್ತಾರೆ. ಆಮೇಲೆ ಎಲ್ಲವನ್ನೂ ಬಿಚ್ಚಿ ಚಾಸಿಯನ್ನು ಪೌಡರ್ ಕೋಟಿಂಗಿಗೆ ಕಳಿಸುತ್ತಾರೆ. ಆ ಬಣ್ಣ ಸುಮಾರು 180 ರಿಂದ 200 ಡಿಗ್ರಿ ಶಾಖದ ಒಲೆಯಲ್ಲಿ ಬೆಂದು ಕೂರಬೇಕಾದ್ದರಿಂದ ಬುಶ್ಶಾಗಲಿ ಕೀಲುಗಳ ರಬ್ಬರಿನ ಮುಸುಕಾಗಲಿ ಅದರ ಮೇಲೆ ಉಳಿಯುವಂತಿಲ್ಲ. ಬಣ್ಣದ ಮೇಲೆ ಕೊರೆದ ತೂತು ಮೊದಲ ಚಳಿಗಾಲದಲ್ಲೇ, ರಸ್ತೆಗೆ ಚೆಲ್ಲಿದ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಎರಡನೆಯ ಜೋಡಣೆಯಲ್ಲಿ ಪ್ರತಿ ಬೋಲ್ಟನ್ನೂ ಬಿಗಿತದ ಅಳತೆ ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಸಿ, ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದು, ವಹಿಯಲ್ಲಿ ಬರೆದಿಡುತ್ತಾರೆ.

ಗಿಡ್ಡ ಸ್ಲೀವಿನ ವಿಷಯವಾಗಿ ನಾನು ಕಿಟ್ ಕಳಿಸಿದವರಿಗೆ ಫೋಟೊ ಸಹಿತ ಬರೆದು ಮೂರು ವಾರ ಕಾದೆ. ಬದಲಿಗೆ ಬಂದವೂ ಅದೇ ಅಳತೆಯವು. ರಜೆಗೆ ಹೊರಡುವಾಗ ಒಂದು ಬುಶ್ಶು, ಒಂದು ಸ್ಲೀವು, ಒಂದು ಬೋಲ್ಟನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ.

ಮಾವನ ಶೆಡ್ಡು ಮೂರನೇ ರೈಲ್ವೆ ಗೇಟು ದಾಟಿ ಒಳಗೆ ಹೋದರೆ ಸಿಗುತ್ತದೆ. ಮೂರು ಲೇಥು, ಒಂದು ಡ್ರಿಲ್ಲಿಂಗ್ ಮಷಿನ್ನು. ಸುತ್ತಲಿನ ಫೌಂಡ್ರಿಗಳಿಂದ ಬಂದ ಎರಕದ ಮಾಲಿಗೆ ಜಾಬ್ ವರ್ಕ್. ಮಾವ ವರ್ನಿಯರ್ ತೆಗೆಯುವ ಮೊದಲೇ ಸ್ಲೀವನ್ನು ಬುಶ್ಶಿನೊಳಗೆ ಸೇರಿಸಿ, ಅದರ ತುದಿಯ ಮೇಲೆ ಉಗುರನ್ನು ಅಡ್ಡ ಎಳೆದರು. ಉಗುರು ಒಳಗೆ ಇಳಿಯಿತು. "ತಮ್ಮಾ, ಇದು ಹೊರಗ ಬರಬೇಕಾಗಿತ್ತು, ಒಳಗ ಕುಂತೈತಿ. ಇಷ್ಟಕ್ಕ ಮೂರು ವಾರ ಕಾದೇನು?" ಎಂದರು. ಇಎನ್8 ಎಂಬ ಬಗೆಯ ಉಕ್ಕಿನ ರಾಡಿನ ತುಂಡೊಂದನ್ನು ಚಕ್ಕಿಗೆ ಹಿಡಿದು, 12 ಮಿಲಿಮೀಟರಿನ ಬೋಲ್ಟು ಅಲುಗಾಡದೆ ಕೂರುವಂತೆ ಒಳಗೆ ಕೊರೆದು, ಹೊರಮೈ ಇಳಿಸಿ, ತುದಿ ಕತ್ತರಿಸಿದರು. ನೀಲಿಬಣ್ಣಕ್ಕೆ ತಿರುಗಿದ ಉಕ್ಕಿನ ಸುರುಳಿಗಳು ಟ್ರೇಯೊಳಗೆ ಬಿದ್ದವು. ಮಧ್ಯಾಹ್ನದ ಊಟಕ್ಕೆ ಮೊದಲು ಆರಂಭಿಸಿದ ಕೆಲಸ ಸಂಜೆಯ ಚಹಾದ ಹೊತ್ತಿಗೆ ಮುಗಿದಿತ್ತು. ಒಂದೊಂದನ್ನೂ ವರ್ನಿಯರಿನಲ್ಲಿ ಹಿಡಿದು ನೋಡಿದೆ. ಹದಿನಾರೂ ಒಂದೇ ಅಳತೆ.

ಇಂಥ ಕೈಗಳು ನಮ್ಮೂರಿನಲ್ಲಿ ಓಣಿಗೊಂದು ಸಿಗುತ್ತವೆ. ಕವೆಂಟ್ರಿ ಒಂದು ಕಾಲಕ್ಕೆ ಬ್ರಿಟನ್ನಿನ ಮೋಟಾರು ಉದ್ಯಮದ ಕೇಂದ್ರವಾಗಿದ್ದ ಊರು. ಅಲ್ಲಿ ಇಂದು ಹದಿನಾರು ಸ್ಲೀವಿನಷ್ಟು ಸಣ್ಣ ಕೆಲಸವನ್ನು ಅದೇ ದಿನ ಮಾಡಿಕೊಡುವ ಶೆಡ್ಡು ನನಗೆ ಸಿಗಲಿಲ್ಲ. ಆದರೂ ಮಾವನ ಶೆಡ್ಡಿನ ಮುಂದೆ ನಿಂತಿದ್ದ ಕಬ್ಬಿನ ಟ್ರೇಲರನ್ನು ನೋಡಿ ನನಗೆ ಸಂಕಟವಾಯಿತು. ಅದರ ಬಣ್ಣದ ಮೇಲೆಯೇ ವೆಲ್ಡಿಂಗ್ ಆಗಿತ್ತು, ಬಣ್ಣದ ಮೇಲೆಯೇ ತೂತು ಕೊರೆದಿತ್ತು, ಆ ತೂತಿನಿಂದ ತುಕ್ಕಿನ ಗೆರೆ ಕೆಳಕ್ಕಿಳಿದಿತ್ತು. ಬೆಳಗಾವಿಯ ಮಳೆಗಾಲ ಇಂಗ್ಲೆಂಡಿನ ಉಪ್ಪಿಗೆ ಏನೂ ಕಡಿಮೆಯಲ್ಲ. ಟಾರ್ಕ್ ರೆಂಚಿನ ಮಾತೆತ್ತಿದರೆ ಮಾವ ಪಾನಾ ಹಿಡಿದ ಕೈ ತೋರಿಸಿ "ಇದು ಹೇಳತೈತಿ" ಎಂದರು. ಅವರ ಕೈಯ ಮೇಲೆ ನನಗೆ ಸಂಶಯವಿಲ್ಲ. ಆದರೆ ಆ ಕೈ ಬಿಗಿಸಿದ್ದು ಯಾವ ಬೋಲ್ಟು, ಬಿಟ್ಟದ್ದು ಯಾವ ಬೋಲ್ಟು ಎಂಬುದು ಮಾರನೆಯ ದಿನ ಕೆಲಸಕ್ಕೆ ಬರುವ ಹುಡುಗನಿಗೆ ತಿಳಿಯುವುದಿಲ್ಲ. ನಟ್ಟಿನ ಮೇಲಿನ ಹಳದಿ ಗೆರೆ ಅದನ್ನು ತಿಳಿಸುತ್ತದೆ.

ಇದನ್ನು ಅವರ ಶಿಸ್ತು, ನಮ್ಮ ಅಶಿಸ್ತು ಎಂದು ಹೇಳಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಕಿಟ್ ಕಾರು ಬೆಳೆದದ್ದೇ ತೆರಿಗೆಯ ಲೆಕ್ಕದಿಂದ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಬಂದಾಗ, ಬಿಡಿಭಾಗಗಳಾಗಿ ಕೊಂಡ ಕಾರಿಗೆ ಖರೀದಿ ತೆರಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು, ಅದೇ ವರ್ಷ ಸೆವೆನ್ನಿನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಯ ಪಾಲಾಯಿತು. ಮನೆಯಲ್ಲಿ ಕಟ್ಟಿದ ಒಂದೊಂದು ಕಾರನ್ನೂ ರಸ್ತೆಗಿಳಿಯುವ ಮೊದಲು ಬಿಡಿಯಾಗಿ ಪರೀಕ್ಷಿಸುವ ಕ್ರಮ ಬಂದದ್ದು 1998ರಲ್ಲಿ. 2009ರಲ್ಲಿ ಅದರ ಜಾಗಕ್ಕೆ ಐವಿಎ ಎಂಬ ಇನ್ನೂ ಬಿಗಿಯಾದ ಪರೀಕ್ಷೆ ಬಂತು. ಮೈಗೆ ತಾಗುವ ಹೊರ ಅಂಚುಗಳಿಗೆ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದ ದುಂಡು ಇರಬೇಕೆಂಬುದರಿಂದ ಹಿಡಿದು ಬ್ರೇಕ್ ಪೈಪಿನ ಕ್ಲಿಪ್ಪಿನವರೆಗೆ ಪರೀಕ್ಷಕರು ನೋಡುತ್ತಾರೆ. ಆ ಕಣ್ಣುಗಳು ಮುಂದೊಂದು ದಿನ ನನ್ನ ಕಾರಿನ ಕೆಳಗೆ ಇಣುಕುತ್ತವೆ ಎಂಬ ಅರಿವೇ ನನ್ನನ್ನು ಎರಡು ಸಲ ಜೋಡಿಸುವಂತೆ ಮಾಡುತ್ತಿದೆ.

ನಮ್ಮಲ್ಲಿ ಆ ಕಣ್ಣಿಗೆ ಜಾಗವೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕರು ತಮ್ಮ ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಅದು ಸಾವಿರಗಟ್ಟಲೆ ಗಾಡಿ ಮಾಡುವ ಕಾರ್ಖಾನೆಗಾಗಿ ಹಾಕಿದ ದಾರಿ, ತನಗೆಂದು ಒಂದೇ ಕಾರು ಕಟ್ಟುವವನು ನಡೆಯಲಾಗುವ ದಾರಿಯಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೊಂಡ ಗಾಡಿಯನ್ನು ಮನಬಂದಂತೆ ಬದಲಿಸುವುದು ಸಲ್ಲದು ಎಂಬುದನ್ನು ನಾನೂ ಒಪ್ಪುತ್ತೇನೆ. ಬುಡದಿಂದ ಕಟ್ಟಿದ ಒಂದು ಗಾಡಿಯನ್ನು ತಂದು, "ಬಿಚ್ಚಿ ನೋಡಿ, ತೂಗಿ ನೋಡಿ, ಬ್ರೇಕ್ ಹಾಕಿ ನೋಡಿ" ಎಂದು ಪರೀಕ್ಷಕರ ಮುಂದೆ ನಿಲ್ಲಿಸುವುದು ಬೇರೆಯೇ ವಿಷಯ. ಅದಕ್ಕೊಂದು ಬಾಗಿಲು ಬೇಕು. ಪರೀಕ್ಷೆ ಇದ್ದಲ್ಲಿ ನಮ್ಮ ಹುಡುಗರು ಹೇಗೆ ಕೆಲಸ ಮಾಡುತ್ತಾರೆಂಬುದು 2007ರಲ್ಲಿ ಪೀತಂಪುರದಲ್ಲಿ ಆರಂಭವಾದ ಬಾಜಾ ಸ್ಪರ್ಧೆಯಲ್ಲಿ ಕಂಡಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಟ್ಟಿದ ಆ ಗಾಡಿಗಳು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಹಿಡಿಯದಿದ್ದರೆ ಓಡುವಂತಿಲ್ಲ. ಅಂಥ ಹುಡುಗರೂ ಉದ್ಯಮಬಾಗದ ಲೇಥುಗಳೂ ಒಂದೇ ಊರಿನಲ್ಲಿರುವಾಗ ಬೆಳಗಾವಿಯಲ್ಲಿ ಆಗದ ಕೆಲಸವೇನೂ ಅಲ್ಲ ಇದು.

ಕವೆಂಟ್ರಿಗೆ ಮರಳಿದ ವಾರವೇ ಹೊಸ ಸ್ಲೀವುಗಳನ್ನು ಹಾಕಿ, ಬೋಲ್ಟ್ ಬಿಗಿಸಿ, ವಿಶ್‌ಬೋನುಗಳನ್ನು ಒಂದೊಂದಾಗಿ ಎತ್ತಿ ಬಿಟ್ಟೆ. ಎಂಟೂ ತಮ್ಮ ಭಾರಕ್ಕೆ ತಾವೇ ಇಳಿದವು. ವಿಡಿಯೊ ಕರೆಯಲ್ಲಿ ಅದನ್ನು ತೋರಿಸಿ, ಇನ್ನು ಎಲ್ಲವನ್ನೂ ಬಿಚ್ಚಿ ಬಣ್ಣಕ್ಕೆ ಕಳಿಸುತ್ತೇನೆಂದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಿಚ್ಚು. ಆದರ ಸ್ಲೀವಿಗೆ ಎಣ್ಣಿ ಸವರಿ ಕಾಗದದಾಗ ಸುತ್ತಿ ಇಡು, ಮತ್ತ ತುಕ್ಕು ಹಿಡದೀತು" ಎಂದರು.