ಎದೆಪಟ್ಟಿ ಶ್ವಾಸಕೋಶವನ್ನು ಅಳೆಯುವುದಿಲ್ಲ

ಕುಂಬಳೆ, ಬದಿಯಡ್ಕ ಕಡೆಯ ಸೈಕಲ್ ಸವಾರರ ವಾಟ್ಸಾಪ್ ಬಳಗಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಶ್ವಾಸಕೋಶಕ್ಕೆ ಎಷ್ಟು ಗಾಳಿ ಹೋಗುತ್ತದೆಂದು ಅಳೆಯುತ್ತದೆ. ಸವಾರಿಯಲ್ಲಿ ಉಸಿರು ನಿಮಿಷಕ್ಕೆ 30 ದಾಟಿದರೆ ಶ್ವಾಸಕೋಶ ದುರ್ಬಲ.’ ಎರಡೂ ತಪ್ಪು.

ಪಟ್ಟಿ ಹಿಡಿಯುವುದು ಹೃದಯದ ವಿದ್ಯುತ್ ಸಂಕೇತವನ್ನು. ಉಸಿರೆಳೆದಾಗ ಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಡಿತಗಳ ನಡುವಿನ ಅಂತರದ ಈ ಏರಿಳಿತ ನೋಡಿ ಸಾಫ್ಟ್‌ವೇರ್ ನಿಮಿಷಕ್ಕೆ ಎಷ್ಟು ಉಸಿರು ಎಂದು ಅಂದಾಜಿಸುತ್ತದೆ, ಅಷ್ಟೇ. ಎಷ್ಟು ಲೀಟರ್ ಗಾಳಿ ಎಂಬುದಕ್ಕೆ ಉಸಿರಿನ ಗಾಳಿಯನ್ನು ಅಳೆಯುವ ಸ್ಪೈರೋಮೀಟರ್ ಅಥವಾ ಪ್ರಯೋಗಾಲಯದಲ್ಲಿ ಮುಖಕ್ಕೆ ಕಟ್ಟುವ ಮಾಸ್ಕ್ ಬೇಕು.

ಇನ್ನೊಂದು ತೊಡಕಿದೆ. ಶ್ರಮ ಹೆಚ್ಚಿದಷ್ಟೂ ಈ ಏರಿಳಿತ ಕುಗ್ಗುತ್ತದೆ. ಪೊಸಡಿಗುಂಪೆ ಗುಡ್ಡದ ಏರು ಹತ್ತುವಾಗ, ಅಂದರೆ ನಮಗೆ ಅಂಕಿ ಬೇಕೆನಿಸುವ ಹೊತ್ತಿಗೇ, ಸುಳಿವು ತೆಳುವಾಗಿರುತ್ತದೆ. ಪಟ್ಟಿ ಜಾರಿದರೆ, ಒಣಗಿದ್ದರೆ ಬಡಿತಗಳೇ ತಪ್ಪಿಹೋಗಿ ಉಸಿರಿನ ಲೆಕ್ಕವೂ ಕೆಡುತ್ತದೆ. ಹೊರಡುವ ಮುನ್ನ ಪಟ್ಟಿಯನ್ನು ನೀರಿನಲ್ಲಿ ಒದ್ದೆ ಮಾಡಿ. ಕೈಗಡಿಯಾರದ ಬೆಳಕಿನ ಸೆನ್ಸರ್ ಅಂತೂ ಹೊಂಡದ ರಸ್ತೆಯ ಕುಲುಕಾಟದಲ್ಲಿ ಇನ್ನೂ ಎಡವುತ್ತದೆ.

ಆ 30ರ ಗೆರೆ ಎಲ್ಲಿಂದ ಬಂತೋ! ವಿಶ್ರಾಂತಿಯಲ್ಲಿ ವಯಸ್ಕರ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ಕಠಿಣ ಏರಿನಲ್ಲಿ ಆರೋಗ್ಯವಂತರಿಗೂ 40 ದಾಟುವುದು ಸಹಜ. ಅದನ್ನು ರೋಗವೆಂದು ಹೆದರಿಸುವುದು ಬೇಜವಾಬ್ದಾರಿ. ಎದೆನೋವು, ತಲೆಸುತ್ತು, ಸುಂಯ್‌ಗುಡುವ ಉಸಿರು ಇದ್ದರೆ ಮಾತ್ರ ಅಂಕಿ ಎಷ್ಟೇ ಇರಲಿ, ಸೈಕಲ್ ನಿಲ್ಲಿಸಿ ವೈದ್ಯರನ್ನು ಕಾಣಿ.