ಒಂದು ತಿರುಪು ಹೆಚ್ಚು

ನಮ್ಮ ಮನೆಯೊಳಗೆ ಇನ್ನೂ 61 ಮನೆಗಳಿವೆ. ಹಾರ್ಮೋನಿಯಂ ನುಡಿಸುವವರು ಸ್ವರದ ಪಟ್ಟಿಗಳನ್ನು ಮನೆ ಎಂದೇ ಕರೆಯುವುದರಿಂದ, ಮಗಳ ಎಲೆಕ್ಟ್ರಾನಿಕ್ ಕೀಬೋರ್ಡಿನ 36 ಬಿಳಿ ಮತ್ತು 25 ಕಪ್ಪು ಕೀಲಿಗಳಿಗೂ ನನ್ನ ಬಾಯಲ್ಲಿ ಅದೇ ಹೆಸರು ಉಳಿದುಕೊಂಡಿದೆ. ಒಂದು ಬೆಳಿಗ್ಗೆ ಈ 61ರಲ್ಲಿ ಒಂದು ಮನೆಯವರು ಮಾತು ನಿಲ್ಲಿಸಿದರು. ನಡುವಿನ ಸ್ಥಾಯಿಯ ಬಿಳಿ ಐದನ್ನು, ಎಂದರೆ ಆ ಸ್ಥಾಯಿಯ ಐದನೆಯ ಬಿಳಿ ಮನೆಯನ್ನು, ಎಷ್ಟು ಒತ್ತಿದರೂ ಸದ್ದಿಲ್ಲ. ಅದರ ನೆರೆಯ ಬಿಳಿ ನಾಲ್ಕು ಮಾತ್ರ, ಪಕ್ಕದವರ ಪಾಲಿನದನ್ನೂ ತಾನೇ ಆಡಿ ಮುಗಿಸಬೇಕೆಂಬಂತೆ, ಬೆರಳು ಸೋಕಿದರೆ ಸಾಕು ಕಿರುಚಿಕೊಳ್ಳುತ್ತಿತ್ತು.

"ಅಪ್ಪಾ, ಇದು ಕೆಟ್ಟಿದೆ. ರಿಪೇರಿ ಮಾಡೋರಿಗೆ ಕೊಡೋಣ" ಎಂದಳು ಮಗಳು. ಅವಳು ಹೇಳಿದ್ದು ಎರಡು ವಾಕ್ಯ. ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಯಾವ ಯಂತ್ರ ಕೆಟ್ಟರೂ ಮೊದಲು ವಿದ್ಯುತ್ತನ್ನು ಸಂಶಯಿಸಬೇಕೆಂಬುದು ನನ್ನ ನಿಯಮ, ಏಕೆಂದರೆ ವಿದ್ಯುತ್ತಿನ ಬಗ್ಗೆ ನನಗೆ ತಿಳಿದಿರುವುದು ಉಳಿದದ್ದಕ್ಕಿಂತ ಸ್ವಲ್ಪ ಹೆಚ್ಚು. ತಳದ ಡಬ್ಬಿಯನ್ನು ತೆರೆದು 1.5 ವೋಲ್ಟಿನ ಆರು ದಪ್ಪ ಸೆಲ್‌ಗಳನ್ನು ಹೊಸದಾಗಿ ಹಾಕಿ, ಸ್ಪ್ರಿಂಗುಗಳ ತುಕ್ಕನ್ನು ಉಜ್ಜಿ ತೆಗೆದು, ಆರು ಸೆಲ್‌ಗೆ 9 ವೋಲ್ಟ್ ಆಯಿತೆಂದು ಲೆಕ್ಕ ಹಾಕಿ ಒತ್ತಿದರೆ, ಬಿಳಿ ಐದು ಹಳೆಯ ಮೌನವನ್ನೇ ಮುಂದುವರಿಸಿತು. ಆಗ ಮೇಜಿನ ಖಾನೆಯಲ್ಲಿ ಬಿದ್ದಿದ್ದ, ಯಾವ ಯಂತ್ರದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಅಡಾಪ್ಟರ್ ಒಂದನ್ನು ಹೊರತೆಗೆದೆ. ಪಿನ್ನು ಸರಿಯಾಗಿ ಹೊಂದುತ್ತಿತ್ತು. ಸ್ವಿಚ್ ಹಾಕುವ ಮೊದಲು ನನ್ನ ಭಾವಮೈದುನನಿಗೆ ಫೋನ್ ಮಾಡುವ ಬುದ್ಧಿ ಹೇಗೋ ಬಂದದ್ದರಿಂದ ಆ ಕೀಬೋರ್ಡ್ ಇಂದಿಗೂ ಬದುಕಿದೆ.

ಅವನು ಎಲೆಕ್ಟ್ರಾನಿಕ್ಸ್ ಬಲ್ಲವನು. ಕೇಳಿದ್ದಕ್ಕೆ ಉತ್ತರ ಕೊಡದೆ ಪ್ರಶ್ನೆಯನ್ನೇ ತಿರುಗಿಸಿ ಕೇಳುವುದು ಅವನ ಅಭ್ಯಾಸ. "ಭಾವ, ಅಡಾಪ್ಟರ್ ಮೇಲೆ ಸಣ್ಣ ವೃತ್ತದ ಚಿತ್ರ ಇದೆಯಲ್ಲ, ಅದರಲ್ಲಿ ಪ್ಲಸ್ ನಡುವಿನ ಚುಕ್ಕೆಗೆ ಸೇರಿದೆಯೋ, ಹೊರಗಿನ ಗೆರೆಗೆ ಸೇರಿದೆಯೋ?" ಎಂದು ಕೇಳಿದ. ಕನ್ನಡಕ ತಂದು ನೋಡಿದೆ. ಅಡಾಪ್ಟರಿನ ಚಿತ್ರದಲ್ಲಿ ಪ್ಲಸ್ ನಡುವಿನಲ್ಲಿತ್ತು. ಕೀಬೋರ್ಡಿನ ಹಿಂಭಾಗದ ಚಿತ್ರದಲ್ಲಿ ಅದು ಹೊರಗಿತ್ತು. ಪಿನ್ನು ಒಳಹೊಕ್ಕ ಮಾತ್ರಕ್ಕೆ ಸಂಬಂಧ ಕೂಡಿಬಂದಂತಲ್ಲ ಎಂದೂ, ಹಾಗೆಯೇ ಹಾಕಿದ್ದರೆ ಧನ ಋಣ ಅದಲುಬದಲಾಗಿ ಒಳಗಿನ ಭಾಗಗಳು ಸುಡುವ ಸಾಧ್ಯತೆ ಇತ್ತೆಂದೂ ವಿವರಿಸಿದ ಮೇಲೆ ಅವನು ಎರಡನೆಯ ಪ್ರಶ್ನೆ ಕೇಳಿದ: "ಅದಿರಲಿ ಭಾವ, ಕರೆಂಟಿನದೇ ತೊಂದರೆ ಆಗಿದ್ದರೆ ಉಳಿದ 60 ಮನೆ ಹೇಗೆ ಹಾಡ್ತಿವೆ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು: ಕೆಟ್ಟಿರುವುದು ಒಂಟಿ ಮನೆಯೋ, ಸಾಲಿಗೆ ಸಾಲೇ ಕೆಟ್ಟಿದೆಯೋ?

ಅದರ ಹಿಂದಿನ ತರ್ಕವನ್ನು ಅವನು ಅರ್ಧ ಗಂಟೆ ಬಿಡಿಸಿ ಹೇಳಿದ; ನನಗೆ ಅರ್ಥವಾದದ್ದು ಮನೆ ಬೀದಿಗಳ ಭಾಷೆಯಲ್ಲಿ. ಕೀಬೋರ್ಡಿನ ಒಳಗೆ ಮನೆಗೊಂದರಂತೆ ತಂತಿ ಎಳೆದಿರುವುದಿಲ್ಲ. ಎಂಟು ಬೀದಿ, ಎಂಟು ಅಡ್ಡಬೀದಿ ಹಾಕಿದರೆ 64 ಮನೆಗಳಿಗೆ ಜಾಗವಾಗುತ್ತದೆ. ನಮ್ಮ 61 ಅದರಲ್ಲಿ ಆರಾಮವಾಗಿ ಹಿಡಿಸಿ, ಕೊನೆಯ ಬೀದಿಯಲ್ಲಿ ಮೂರು ನಿವೇಶನ ಖಾಲಿ ಉಳಿಯುತ್ತವೆ. ಪ್ರೊಸೆಸರ್ ಎಂಬ ಗಸ್ತಿನವನು ಸೆಕೆಂಡಿಗೆ ನೂರಾರು ಸಲ ಬೀದಿ ಬೀದಿ ಸುತ್ತಿ, ಯಾರ ಮನೆಯ ಬಾಗಿಲು ಮುಚ್ಚಿದೆ, ಯಾರದು ತೆರೆದಿದೆ ಎಂದು ನೋಡಿಕೊಂಡು ಬರುತ್ತಾನೆ. ಮೂರು ಮೂಲೆಯ ಮನೆಗಳನ್ನು ಒಟ್ಟಿಗೆ ಒತ್ತಿದಾಗ ನಾಲ್ಕನೆಯ ಮೂಲೆಯವರು ಕರೆಯದೆಯೇ ಓಗೊಡಬಾರದೆಂದು ಪ್ರತಿ ಮನೆಗೂ ಡಯೋಡ್ ಎಂಬ ಒಮ್ಮುಖದ ಗೇಟು ಇಟ್ಟಿರುತ್ತಾರೆ. ಒಂದು ಇಡೀ ಬೀದಿ, ಎಂದರೆ ಒತ್ತೊತ್ತಾಗಿ ಎಂಟು ಮನೆಗಳು, ಸುಮ್ಮನಾದರೆ ತಪ್ಪು ತಂತಿಯಲ್ಲೋ ಬೆಸುಗೆಯಲ್ಲೋ ಇರುತ್ತದೆ. ಅಡ್ಡಬೀದಿ ಹೋದರೆ ಪ್ರತಿ ಎಂಟನೆಯ ಮನೆ ಸುಮ್ಮನಾಗುತ್ತದೆ. ಒಂಟಿ ಮನೆ ಸುಮ್ಮನಾದರೆ ಹೆಚ್ಚಿನ ಸಲ ಅದು ಆ ಮನೆಯೊಳಗಿನ ಕೊಳೆ. "ಬಿಚ್ಚಿ ಒರೆಸಿದರೆ ಸಾಕು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ತಿರುಪು ಎಣಿಸಿ ಇಡಿ" ಎಂದ. ಈ ಸಲವೂ ನನ್ನ ಕಿವಿಗೆ ಪೂರ್ತಿಯಾಗಿ ಬಿದ್ದದ್ದು ಮೊದಲನೆಯ ವಾಕ್ಯ.

ಮಂಚದ ಮೇಲೆ ಹೊದಿಕೆಯನ್ನು ಮಡಿಸಿ ಹಾಸಿ, ಕೀಬೋರ್ಡನ್ನು ಬೋರಲು ಮಲಗಿಸಿ, ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತಂದುಕೊಂಡು ಕೆಲಸಕ್ಕೆ ಕುಳಿತೆ. ತಳದ ತುಂಬ ತಿರುಪುಗಳು, ಕೆಲವು ಗಿಡ್ಡ, ಕೆಲವು ಉದ್ದ, ಕೆಲವು ಆಳವಾದ ಬಾವಿಯಂಥ ತೂತುಗಳ ತಳದಲ್ಲಿ. ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕುತ್ತಾ ಹೋದೆ. ಫೋಟೋಗಳನ್ನೂ ತೆಗೆದೆ, ಅವುಗಳಲ್ಲಿ ಬಹುಪಾಲಿನಲ್ಲಿ ನನ್ನ ಹೆಬ್ಬೆರಳು ಸ್ಪಷ್ಟವಾಗಿ ಮೂಡಿಬಂದಿದೆ. ಮುಚ್ಚಳ ಬಿಡಿಸಿದಾಗ ಅದು ಪೂರ್ತಿ ಬೇರೆಯಾಗದೆ ಸ್ಪೀಕರಿನ ತಂತಿಗಳಿಂದಲೂ ಚಪ್ಪಟೆಯಾದ ರಿಬ್ಬನ್ ಕೇಬಲ್ಲಿನಿಂದಲೂ ಜೋತುಬಿತ್ತು. ಮಗಳು ಅದನ್ನು ಹಿಡಿದುಕೊಂಡು ನಿಂತಳು. ಸುಮಾರು ಒಂದು ಗಂಟೆ ನಿಂತಳು ಎಂಬುದನ್ನು ಅವಳು ಆಮೇಲೆ ಹಲವರ ಮುಂದೆ ಹೇಳಿದ್ದಾಳೆ.

ಮನೆಗಳ ಸಾಲನ್ನು ಎತ್ತಿದಾಗ ಅಡಿಯಲ್ಲಿ ಕಂಡದ್ದು ಉದ್ದನೆಯ ರಬ್ಬರ್ ಪಟ್ಟಿಗಳು. ಒಂದೊಂದು ಮನೆಯ ಕೆಳಗೂ ಒಂದು ರಬ್ಬರಿನ ಗುಬುಟು, ಅದರ ಒಳಗೆ ಎರಡು ಕಪ್ಪು ಇಂಗಾಲದ ಬಿಲ್ಲೆಗಳು. ಒಂದು ಮನೆಗೆ ಎರಡು ಬಾಗಿಲು ಏಕೆ ಎಂಬುದು ನನಗೆ ಅಂದೇ ತಿಳಿದದ್ದು. ಬಿಲ್ಲೆಗಳು ಒಂದೇ ಮಟ್ಟದಲ್ಲಿಲ್ಲ. ಒತ್ತಿದಾಗ ಒಂದು ಮೊದಲು ಮುಟ್ಟುತ್ತದೆ, ಇನ್ನೊಂದು ಕೂದಲೆಳೆಯಷ್ಟು ತಡವಾಗಿ ಮುಟ್ಟುತ್ತದೆ. ಇವೆರಡರ ನಡುವಣ ಸಮಯವನ್ನು ಅಳೆದು ಯಂತ್ರವು ಬೆರಳಿನ ವೇಗವನ್ನು ಊಹಿಸುತ್ತದೆ: ಸಮಯ ಕಿರಿದಾದಷ್ಟೂ ಸದ್ದು ಹಿರಿದು. 1983ರಲ್ಲಿ ವಾದ್ಯತಯಾರಕರು ಒಪ್ಪಿಕೊಂಡ ಮಿಡಿ ಎಂಬ ಸಂಕೇತಭಾಷೆಯಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕಿಗಳಿವೆ, ನಡುವಿನ ಸ್ಥಾಯಿಯ ಬಿಳಿ ಒಂದಕ್ಕೆ 60 ಎಂಬ ಮನೆ ಸಂಖ್ಯೆಯೂ ಇದೆ. ಅಲ್ಲಿಂದ ಕಪ್ಪುಗಳನ್ನೂ ಸೇರಿಸಿ ಎಣಿಸಿದರೆ ನಮ್ಮ ಮೌನಿಯ ವಿಳಾಸ 67. ಅವನ ಎರಡನೆಯ ಬಿಲ್ಲೆ ಕೊಳೆಯಿಂದಾಗಿ ತಳಕ್ಕೆ ಮುಟ್ಟುತ್ತಲೇ ಇರಲಿಲ್ಲ. ನೆರೆಯವನದು ಬೇರೆಯೇ ಕಥೆ. ಮೊದಲನೆಯ ಬಿಲ್ಲೆ ತಡವಾಗಿ ಮುಟ್ಟಿ, ಎರಡನೆಯದು ಅದರ ಬೆನ್ನಿಗೇ ಬಂದು ತಾಗುತ್ತಿದ್ದುದರಿಂದ, ಮಗಳು ಎಷ್ಟು ಮೆಲ್ಲನೆ ಒತ್ತಿದರೂ ಯಾರೋ ಗುದ್ದಿದರೆಂದೇ ಯಂತ್ರ ನಂಬುತ್ತಿತ್ತು. ಒಂದೇ ಕೊಳೆ ಒಬ್ಬನನ್ನು ಮೂಗನನ್ನಾಗಿಯೂ ಇನ್ನೊಬ್ಬನನ್ನು ಬಾಯಿಬಡುಕನನ್ನಾಗಿಯೂ ಮಾಡಿತ್ತು.

ಮನೆಗಳ ಸಂದಿಯಲ್ಲಿ ಸಿಕ್ಕ ಆಸ್ತಿಯೂ ಕಡಿಮೆಯೇನಲ್ಲ: ಕೂದಲ ಉಂಡೆ, ರಬ್ಬರಿನ ಪುಡಿ, ಪೆನ್ಸಿಲಿನ ಮೊನೆ, ಒಂದು ಸತ್ತ ಇರುವೆ, ಒಂದೆರಡು ಲೋಹದ ಚೂರು. ಕುಂಚದಿಂದ ಗುಡಿಸಿ, ಲೋಹದ್ದೆಂದು ಕಂಡದ್ದನ್ನು ಬಟ್ಟಲಿಗೂ ಉಳಿದದ್ದನ್ನು ಕಸಕ್ಕೂ ಹಾಕಿದೆ. ಈ ವಿಂಗಡಣೆಯನ್ನು ಕನ್ನಡಕ ಹಾಕಿಕೊಂಡು ಮಾಡಬಹುದಿತ್ತು.

ಒರೆಸಲು ಕೈಗೆ ಹಚ್ಚುವ ಸ್ಯಾನಿಟೈಸರ್ ಸಾಕಲ್ಲವೇ, ಅದೂ ಆಲ್ಕೋಹಾಲೇ ಅಲ್ಲವೇ ಎಂದು ಮತ್ತೆ ಫೋನ್ ಮಾಡಿದೆ. ಅದರಲ್ಲಿ ನೀರೂ ಅಂಟಿನಂಥ ಪದಾರ್ಥವೂ ಇರುವುದರಿಂದ ಒಣಗಿದ ಮೇಲೆ ಪೊರೆ ಉಳಿಯುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲನ್ನೇ ತರಿಸಬೇಕು, ಹತ್ತಿಯಲ್ಲಿ ಅದ್ದಿ ಮೆಲ್ಲನೆ ಒರೆಸಬೇಕು, ಉಜ್ಜಿದರೆ ಕೊಳೆಯ ಜೊತೆ ಇಂಗಾಲವೂ ಬರುತ್ತದೆ ಎಂದ. ಆಗಲೇ ಒಂದು ಬಿಲ್ಲೆಯನ್ನು ಪೆನ್ಸಿಲ್ ರಬ್ಬರಿನಿಂದ ಗಟ್ಟಿಯಾಗಿ ಉಜ್ಜಿಯಾಗಿತ್ತೆಂಬುದನ್ನು ನಾನು ತಿಳಿಸಲಿಲ್ಲ. ಅದೃಷ್ಟಕ್ಕೆ ಅದು ಬಲತುದಿಯ ಕೊನೆಯ ಮನೆಯದು. ಅಲ್ಲಿಯವರೆಗೆ ಮಗಳ ಯಾವ ಪಾಠವೂ ಇನ್ನೂ ತಲುಪಿಲ್ಲ.

ಮರುದಿನ ಎಲ್ಲವನ್ನೂ ಒರೆಸಿ, ಆರಿಸಿ, ಪಟ್ಟಿಗಳನ್ನು ಅವುಗಳ ಮೊಳೆಗಳಿಗೆ ಕೂರಿಸಿ, ಮುಚ್ಚಳ ಹಾಕಿ, ತಿರುಪು ಬಿಗಿದು, ಸ್ವಿಚ್ ಒತ್ತಿದೆ. ಬಿಳಿ ಐದು ಮಾತಾಡಿತು. ಬಿಳಿ ನಾಲ್ಕು ಸಂಸ್ಕಾರವಂತನಂತೆ ದನಿ ತಗ್ಗಿಸಿತು. ಮಗಳು ಕೆಳಗಿನಿಂದ ಮೇಲಿನವರೆಗೆ ನುಡಿಸಿ, ತುದಿಯ ಆ ಒಂದನ್ನು ಬಿಟ್ಟು, ಎಲ್ಲ ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟಳು. ಈ ಬರಹ ಇಲ್ಲಿಗೆ ಮುಗಿಯಬೇಕಾಗಿತ್ತು.

ಬಟ್ಟಲನ್ನು ಅಡುಗೆಮನೆಗೆ ಹಿಂದಿರುಗಿಸಲು ಎತ್ತಿಕೊಂಡಾಗ ತಳದಲ್ಲಿ ಏನೋ ಉರುಳಿದ ಸದ್ದಾಯಿತು. ನೋಡಿದರೆ ಒಂದು ಸಣ್ಣ ತಿರುಪು. ತಿರುಪಿಗಿಂತ ನಟ್ಟು ಎನ್ನುವುದೇ ಸರಿ. ನಡುವೆ ತೂತು, ಒಳಗೆ ಮರೆ, ಮೈಯೆಲ್ಲ ಹೊಳಪು. ಕೀಬೋರ್ಡನ್ನು ತಿರುವಿ ಹಾಕಿ ನೋಡಿದೆ. ಹೊರಗಿನ ತೂತುಗಳೆಲ್ಲ ಭರ್ತಿಯಾಗಿದ್ದವು. ಹಾಗಾದರೆ ಇದು ಒಳಗಿನದು. ಉಳಿದವೆಲ್ಲ ಕಪ್ಪು ಕಬ್ಬಿಣದವಾಗಿದ್ದು ಇದೊಂದನ್ನು ಮಾತ್ರ ತಯಾರಕರು ಹಿತ್ತಾಳೆಯಲ್ಲಿ ಮಾಡಿಸಿದ್ದಾರೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ಬಹುಶಃ ವಿದ್ಯುತ್ ಹರಿಯುವ ಜಾಗದ್ದಿರಬೇಕು. ಇದಿಲ್ಲದೆ ಯಂತ್ರ ಇಂದು ಹಾಡಿದರೂ ನಾಳೆ ಸುಟ್ಟೀತು ಎಂದು ನಾನು ತರ್ಕಿಸಿದೆ. ಭಾವಮೈದುನನಿಗೆ ಫೋನ್ ಮಾಡಿದೆ.

"ಬಿಚ್ಚುವಾಗ ಎಷ್ಟು ತಿರುಪು ಇದ್ದವು ಭಾವ?"

"ಎಣಿಸಬೇಕಿತ್ತಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಡುತ್ತಿರುವುದನ್ನು ಹಾಗೆಯೇ ಬಿಡಿ ಎಂದ. ಆದರೆ ಒಂದು ತಿರುಪನ್ನು ಹೊರಗಿಟ್ಟುಕೊಂಡು ನಿದ್ದೆ ಮಾಡುವ ಜಾತಿಯವನು ನಾನಲ್ಲ. ಎಲ್ಲರೂ ಮಲಗಿದ ಮೇಲೆ ಎರಡನೆಯ ಸಲ ಬಿಚ್ಚಿದೆ. ಮುಚ್ಚಳವನ್ನು ಹಿಡಿದುಕೊಳ್ಳಲು ಮಗಳಿರಲಿಲ್ಲವಾದ್ದರಿಂದ ಅದನ್ನು ದಿಂಬಿಗೆ ಒರಗಿಸಿದೆ, ದಿಂಬು ಜಾರಿತು, ರಿಬ್ಬನ್ ಕೇಬಲ್ ಒಮ್ಮೆ ಚೆನ್ನಾಗಿ ಎಳೆಯಿತು. ಟಾರ್ಚ್ ಹಿಡಿದು ಒಂದೂವರೆ ಗಂಟೆ ಹುಡುಕಿದರೂ ಆ ಹಿತ್ತಾಳೆಯ ನಟ್ಟಿಗೆ ಹೊಂದುವ ಮೊಳೆ ಯಾವ ಮೂಲೆಯಲ್ಲೂ ಸಿಗಲಿಲ್ಲ. ಸೋತು ಮುಚ್ಚುವಾಗ ಒಂದು ಗಿಡ್ಡ ತೂತಿಗೆ ಉದ್ದ ತಿರುಪು ಸೇರಿ, ಅದರ ಮೊನೆ ವಾಲ್ಯೂಮ್ ಗುಂಡಿಯ ಪಕ್ಕದಲ್ಲಿ ಮೊಡವೆಯಂತೆ ಉಬ್ಬಿತು.

ಬೆಳಿಗ್ಗೆ ಮಗಳು ನುಡಿಸಲು ಕುಳಿತಳು. ಕಪ್ಪು ನಾಲ್ಕರಿಂದ ಮೇಲಿನ ಕಪ್ಪು ಎರಡರವರೆಗೆ ಒಂದೂ ಉಸಿರೆತ್ತಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಎಣಿಸಿದೆ. ಎಂಟು, ಒತ್ತೊತ್ತಾಗಿ. ಐದನೆಯ ಬೀದಿ ಪೂರ್ತಿಯಾಗಿ ಹೋಗಿತ್ತು. ಯಂತ್ರವನ್ನು ಕೆಡಿಸಿದ ದುಃಖಕ್ಕಿಂತ, ಫೋನ್ ಮಾಡದೆಯೇ ರೋಗವನ್ನು ಪತ್ತೆಹಚ್ಚಿದ ಸಂತೋಷ ಆ ಕ್ಷಣದಲ್ಲಿ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. "ರಿಬ್ಬನ್ ಕೇಬಲ್ ಓರೆಯಾಗಿದೆ, ಒಂದು ಗೆರೆ ಮುಟ್ಟುತ್ತಿಲ್ಲ" ಎಂದು ಘೋಷಿಸಿ ಮೂರನೆಯ ಸಲ ಬಿಚ್ಚಿದೆ. ನಿಜಕ್ಕೂ ಅದೇ ಆಗಿತ್ತು. ಕೇಬಲ್ಲನ್ನು ಹೊರತೆಗೆದು, ನೇರ ಮಾಡಿ, ಹಿಡಿಕೆಯೊಳಗೆ ಕೊನೆಯವರೆಗೆ ತಳ್ಳಿ ಕೂರಿಸಿದಾಗ ಎಂಟು ಮನೆಗಳೂ ಒಟ್ಟಿಗೆ ಬಾಯಿ ತೆರೆದವು.

ಸದ್ದು ಕೇಳಿ ಹೆಂಡತಿ ಕೋಣೆಗೆ ಬಂದಳು. ಮಂಚದ ಮೇಲೆ ಹರಡಿದ್ದ ಭಾಗಗಳನ್ನೂ ನನ್ನ ಅಂಗೈಯಲ್ಲಿದ್ದ ಹಿತ್ತಾಳೆಯ ನಟ್ಟನ್ನೂ ನೋಡಿದಳು.

"ರೀ, ಇದೆಲ್ಲಿ ಸಿಕ್ತು?"

"ಇದರೊಳಗೇ ಇತ್ತು. ಎಲ್ಲಿ ಕೂರಬೇಕು ಅಂತ ರಾತ್ರಿಯಿಡೀ ಹುಡುಕಿದೆ."

"ಅದು ನನ್ನ ಓಲೆಯ ತಿರುಪು. ಎರಡು ವರ್ಷದಿಂದ ಹುಡುಕ್ತಿದ್ದೀನಿ."

ಅವಳು ಒಳಗೆ ಹೋಗಿ ಓಲೆ ತಂದು, ಕಿವಿಗಿಟ್ಟು, ಎರಡು ಸುತ್ತು ತಿರುಗಿಸಿದಳು. ಮೊದಲ ಪ್ರಯತ್ನಕ್ಕೇ ಕೂತಿತು. ಮಗಳಿಗೆ ನಗು ತಡೆಯಲಾಗಲಿಲ್ಲ. ಕಪ್ಪು ನಾಲ್ಕನ್ನು ಸುಮ್ಮನೆ ಒತ್ತುತ್ತಾ ಕುಳಿತಳು. ನಾನು ಮುಚ್ಚಳ ಹಾಕಿ, ಈ ಸಲ ಒಂದೊಂದನ್ನೂ ಎಣಿಸುತ್ತಾ, ಗಿಡ್ಡದಕ್ಕೆ ಗಿಡ್ಡ, ಉದ್ದದಕ್ಕೆ ಉದ್ದ ತಿರುಪು ಬಿಗಿದೆ. ಬಟ್ಟಲು ಬರಿದಾಯಿತು. ಹೆಂಡತಿ ಕನ್ನಡಿಯ ಮುಂದಿನಿಂದಲೇ ಕೂಗಿ ಕೇಳಿದಳು: "ಆ ದಿನ ಇದರ ಜೊತೆ ಒಂದು ಹರಳೂ ಬಿದ್ದಿತ್ತು ಕಣ್ರೀ. ಅದೂ ಅಲ್ಲೇ ಇರಬೇಕು. ಇನ್ನೊಂದು ಸಲ ಬಿಚ್ಚಿ ನೋಡ್ತೀರಾ?"

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ದಿಂಬಿನ ಕೆಳಗೆ ತಳ್ಳಿ, ಅದು ಎಲ್ಲೋ ಕಾಣಿಸುತ್ತಿಲ್ಲ ಎಂದೆ.